ಮುಪ್ಪಿನ ನೆಲೆ: ಗುಡಿಗೆರೆಯ ಶಾಸನದಿಂದ ತೊಡಗಿದ ಒಂದು ವಿಚಾರ

೧

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿಗೆ ಸೇರಿದ ಗುಡಗೇರಿಯು ಪ್ರಾಚೀನ ಕರ್ಣಾಟಕದ ಇತಿಹಾಸವನ್ನು ಅಭ್ಯಾಸಮಾಡಿದವರಿಗೆ ಅಪರಿಚಿತವಾದ ಊರಲ್ಲ. ಅಲ್ಲಿ ದೊರೆತ ಶಕ ೯೯೮ನೆಯ ನಳ ಸಂವತ್ಸರದ (ಕ್ರಿ. ಶ. ೧೦೭೬-೭೭) ಜೈನಶಾಸನವನ್ನು ಡಾ. ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯ ಹದಿನೆಂಟನೆಯ ಸಂಪುಟದಲ್ಲಿ ಪ್ರಕಟಿಸಿದರು. ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ತಂಗಿಯಾದ ಕುಂಕುಮಮಹಾದೇವಿಯು ಪುರಿಗೆರೆಯಲ್ಲಿ, ಎಂದರೆ ಈಗಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದಳೆಂಬ ಸಂಗತಿ ಆ ಶಾಸನದಿಂದ ತಿಳಿದುಬಂದುದರಿಂದ, ರಾಜವಂಶಗಳ ಚರಿತ್ರೆಯನ್ನು ಬರೆದವರೂ ಜೈನಧರ್ಮದ ಚರಿತ್ರೆಯನ್ನು ಬರೆದವರೂ ಅದನ್ನು ಮೇಲಿಂದ ಮೇಲೆ ಉದಾಹರಿಸಿದ್ದಾರೆ. ಇವೆರಡೂ ಅಲ್ಲದ ಬೇರೊಂದು ಪ್ರಶ್ನೆಗೆ ಆ ಕಲ್ಲು ಯಾವ ಉತ್ತರವನ್ನು ಕೊಡಬಲ್ಲುದೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ಹೀಗಿದೆ. ಅಧಿಕಾರವನ್ನಾಗಲಿ ಮನೆತನದ ಹೊಣೆಯನ್ನಾಗಲಿ ಇಳಿಸಿ ಕಡೆಯ ಕಾಲಕ್ಕೆ ಅಣಿಯಾದವನು ನಮ್ಮ ನಾಡಿನಲ್ಲಿ ಎಲ್ಲಿ ನೆಲೆಸುತ್ತಿದ್ದನು? ಆ ನೆಲೆಯನ್ನು ಆರಿಸುವಾಗ ಯಾವ ಯಾವ ಸಂಗತಿಗಳನ್ನು ತೂಗಿನೋಡುತ್ತಿದ್ದನು? ನಮ್ಮ ಶಾಸನಗಳು ದಾನ, ಯುದ್ಧ, ಮರಣ ಇವುಗಳನ್ನು ಬರೆಯುತ್ತವೆ. ಮುಪ್ಪನ್ನು ನೇರವಾಗಿ ಬರೆಯುವುದು ವಿರಳ. ಆದುದರಿಂದ ಮರಣವನ್ನು ಹೇಳುವ ಶಾಸನಗಳಿಂದ ಅದಕ್ಕೆ ಮೊದಲು ನಡೆದ ಆಯ್ಕೆಯನ್ನೂ, ದಾನವನ್ನು ಹೇಳುವ ಶಾಸನಗಳಿಂದ ಆ ಬಾಳನ್ನು ನಡೆಯಿಸಿದ ಏರ್ಪಾಡನ್ನೂ ಊಹಿಸಿಕೊಳ್ಳಬೇಕಾಗುತ್ತದೆ. ಹಾಗೆ ನೋಡಿದಲ್ಲಿ, ನೆಲೆಯನ್ನು ನಿರ್ಣಯಿಸಿದ್ದು ಹೆಚ್ಚಾಗಿ ಸ್ಥಳದ ಸೊಗಸಲ್ಲ, ಅಲ್ಲಿ ಇದ್ದ ಜನ. ಆ ಜನರನ್ನು ಅಲ್ಲಿ ನಿಲ್ಲಿಸಿದ್ದು ಅನ್ನದ ಕಟ್ಟಳೆ ಎಂಬುದು ನಮ್ಮ ಅಭಿಪ್ರಾಯ.

೨

ಮೊದಲು ಧರ್ಮಶಾಸ್ತ್ರಗಳ ಮಾತನ್ನು ನೋಡೋಣ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮಕ್ಕಳ ಮಕ್ಕಳು ಇವುಗಳನ್ನು ಕಂಡ ಗೃಹಸ್ಥನು ಅರಣ್ಯವನ್ನು ಆಶ್ರಯಿಸತಕ್ಕದ್ದೆಂದು ಮನುಸ್ಮೃತಿಯ ಆರನೆಯ ಅಧ್ಯಾಯವು ವಿಧಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಯಾಜ್ಞವಲ್ಕ್ಯನೂ ಇದನ್ನೇ ಹೇಳಿ, ಹೆಂಡತಿಯನ್ನು ಮಕ್ಕಳ ವಶದಲ್ಲಿ ಬಿಟ್ಟು ಹೋಗಬಹುದು ಇಲ್ಲವೆ ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗಬಹುದು ಎಂದು ಎರಡು ದಾರಿಗಳನ್ನು ತೋರಿಸಿದ್ದಾನೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ವಿಕ್ರಮಾದಿತ್ಯನು ಪಟ್ಟವನ್ನೇರಿದುದು ೧೦೭೬ರಲ್ಲಿ. ಆದುದರಿಂದ ಗುಡಿಗೆರೆಯ ಕಲ್ಲೂ ಮಿತಾಕ್ಷರವೂ ಒಂದೇ ರಾಜ್ಯದ, ಹೆಚ್ಚುಕಡಮೆ ಒಂದೇ ತಲೆಮಾರಿನ ಸಾಕ್ಷ್ಯಗಳು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದುವುದು ಅಸಂಗತವಾಗಲಾರದು.

ಸ್ಮೃತಿಯಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಗಮನಿಸತಕ್ಕವು. ಮೊದಲನೆಯದು, ವನಕ್ಕೆ ಹೋದವನಿಗೂ ಊರಿನ ಹಂಗು ಪೂರ್ತಿಯಾಗಿ ಹರಿಯದೆ ಇದ್ದುದು. ಗೆಡ್ಡೆಗೆಣಸುಗಳಿಂದ ಬಾಳಲಾರದ ವಾನಪ್ರಸ್ಥನು ಊರಿನಿಂದ ಎಂಟು ತುತ್ತು ಅನ್ನವನ್ನು ತಂದು ಮೌನದಿಂದ ಉಣ್ಣಬಹುದೆಂದು ಮನುವೂ ಯಾಜ್ಞವಲ್ಕ್ಯನೂ ಅಪ್ಪಣೆ ಕೊಡುತ್ತಾರೆ. ಎಂಟೇ ತುತ್ತಾದರೂ ಅವನ್ನು ಕೊಡುವ ಊರು ಬಳಿಯಲ್ಲಿ ಇರಬೇಕಷ್ಟೆ. ಹಾಗಾದರೆ ಶಾಸ್ತ್ರಕಾರರ ಕಣ್ಣಮುಂದೆ ಇದ್ದ ಅರಣ್ಯವು ಊರಿಗೆ ನಡೆದುಹೋಗಿ ಬರುವಷ್ಟು ಹತ್ತಿರದ ಅರಣ್ಯವೇ ಸರಿ.

ಎರಡನೆಯದು ದಾಯಭಾಗಕ್ಕೆ ಸಂಬಂಧಿಸಿದ್ದು. ತಂದೆಯು ಬದುಕಿರುವಾಗಲೇ ಆಸ್ತಿಯನ್ನು ಪಾಲುಮಾಡುವ ಸಂದರ್ಭಗಳನ್ನು ಮಿತಾಕ್ಷರವು ವಿವರಿಸುತ್ತದೆ. ತಂದೆಗೆ ವಿಷಯಗಳಲ್ಲಿ ಆಸೆ ಅಳಿದಿರುವುದು ಅವುಗಳಲ್ಲಿ ಒಂದು. ತಂದೆ ತಾನೇ ಸಮಪಾಲು ಮಾಡುವಾಗ ಸ್ತ್ರೀಧನವನ್ನು ಪಡೆಯದಿದ್ದ ಪತ್ನಿಯರಿಗೂ ಮಕ್ಕಳಿಗೆ ಸಮನಾದ ಪಾಲು ಸಲ್ಲತಕ್ಕದ್ದೆಂದು ಅಲ್ಲಿ ಹೇಳಿದೆ. ಇದರಿಂದ, ಗೃಹಸ್ಥನು ಹೊಣೆಯನ್ನು ಇಳಿಸುವ ಹೊತ್ತಿಗೆ ಮನೆಯಲ್ಲಿ ಉಳಿಯುವವರ ಅನ್ನಕ್ಕೆ ಏನು ಗತಿ ಎಂಬ ಚಿಂತೆಯು ನಮ್ಮ ವ್ಯವಹಾರಶಾಸ್ತ್ರದಲ್ಲಿ ಸ್ಪಷ್ಟವಾಗಿ ಸೇರಿಕೊಂಡಿತ್ತೆಂದು ತಿಳಿಯುತ್ತದೆ. ಆದರೂ ಎಲ್ಲಿ ಇರಬೇಕೆಂಬ ಆಯ್ಕೆಯು ಗಂಡನದೇ ಆಗಿತ್ತು. ಪತ್ನಿಯು ಮಕ್ಕಳ ಬಳಿಯಲ್ಲಿ ಉಳಿದರೂ ಗಂಡನ ಹಿಂದೆ ಹೋದರೂ ಇನ್ನೊಬ್ಬರು ನಿರ್ಣಯಿಸಿದ ನೆಲೆಯಲ್ಲಿಯೇ ಮುಪ್ಪನ್ನು ಕಳೆಯಬೇಕಾಗಿತ್ತು. ಮುಂದೆ ಒಬ್ಬ ಸ್ತ್ರೀಯ ಉದಾಹರಣೆಯನ್ನು ನೋಡುವಾಗ ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳತಕ್ಕದ್ದು.

೩

ಶಾಸ್ತ್ರದ ಮಾತು ಹೀಗಿರಲು, ಶಾಸನಗಳಲ್ಲಿ ಕಾಣುವ ಆಚರಣೆ ಹೇಗಿತ್ತು? ರಾಜ್ಯವನ್ನು ಬಿಟ್ಟ ಅರಸರಲ್ಲಿ ಮೊದಲು ನೆನಪಿಗೆ ಬರತಕ್ಕವನು ಕವಿರಾಜಮಾರ್ಗದ ಕಾಲದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ‘ಪ್ರಶ್ನೋತ್ತರರತ್ನಮಾಲಿಕೆ’ಯ ಕೊನೆಯ ಪದ್ಯವು, ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನೇ ಅದನ್ನು ರಚಿಸಿದನೆಂದು ಹೇಳುತ್ತದೆ. ಆದರೆ ರಾಜ್ಯವನ್ನು ಬಿಟ್ಟು ಎಲ್ಲಿ ಇದ್ದನೆಂಬುದನ್ನು ಆ ಪದ್ಯವು ತಿಳಿಸದು. ಸ್ಥಳವನ್ನೂ ಅಲ್ಲಿ ಇದ್ದ ಗುರುವನ್ನೂ ಸ್ಪಷ್ಟವಾಗಿ ಹೇಳುವ ಸಾಕ್ಷ್ಯವು ಅವನಿಗಿಂತ ಒಂದು ಶತಮಾನ ಈಚಿನದು. ಅದು ಗಂಗರ ಇಮ್ಮಡಿ ಮಾರಸಿಂಹನಿಗೆ ಸಂಬಂಧಿಸಿದ್ದು.

ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆಬ್ರಹ್ಮದೇವರ ಕಂಬದ ಶಾಸನವು ಮಾರಸಿಂಹನ ಯುದ್ಧಗಳನ್ನು ವಿಸ್ತಾರವಾಗಿ ವರ್ಣಿಸಿ, ಕೊನೆಗೆ ಅವನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿವಸ ನೋಂತು ಸಮಾಧಿಯನ್ನು ಪಡೆದನೆಂದು ಹೇಳುತ್ತದೆ. ಇದು ನಡೆದುದು ೯೭೪ರಲ್ಲಿ. ಇಲ್ಲಿ ಒಂದು ವಿಲಕ್ಷಣವಾದ ಸಂಗತಿ ಇದೆ. ಗಂಗರ ನಾಡಿನ ಹೆಸರಾಂತ ತೀರ್ಥವು ಬೆಳ್ಗೊಳ. ಕ್ರಿ. ಶ. ೬೦೦ರ ಸುಮಾರಿನಿಂದಲೂ ಆ ಬೆಟ್ಟದ ಮೇಲೆ ಮುನಿಗಳೂ ಕಂತಿಯರೂ ದೇಹವನ್ನು ಬಿಟ್ಟುದನ್ನು ಸಾರುವ ಬರಹಗಳಿವೆ. ಮಾರಸಿಂಹನ ಕೀರ್ತಿಶಾಸನವು ನಿಂತದ್ದೂ ಅಲ್ಲಿಯೇ. ಹೀಗಿದ್ದರೂ ಅವನು ಬಯಸಿದ್ದು ಬೆಳ್ಗೊಳವನ್ನಲ್ಲ, ಉತ್ತರಕ್ಕೆ ದೂರದಲ್ಲಿರುವ ಬಂಕಾಪುರವನ್ನು.

ಇದಕ್ಕೆ ಕಾರಣವನ್ನು ಹುಡುಕುವಾಗ, ಬಂಕಾಪುರದ ಪ್ರದೇಶವು ಗಂಗರಿಗೆ ಹೊಸದಾಗಿರಲಿಲ್ಲವೆಂಬ ಆಕ್ಷೇಪವು ಬರಬಹುದು. ಅದು ಯೋಗ್ಯವಾದ ಆಕ್ಷೇಪವೇ. ಮಾರಸಿಂಹನ ತಂದೆಯಾದ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನೆಂದು ಆತಕೂರಿನ ಶಾಸನವು ಹೇಳುತ್ತದೆ. ಮಾರಸಿಂಹನೂ ೯೬೮ರಲ್ಲಿ ಪುರಿಗೆರೆಯ ಗಂಗಕಂದರ್ಪ ಜಿನಾಲಯಕ್ಕೆ ದತ್ತಿಯನ್ನು ಬಿಟ್ಟಿದ್ದನು. ಎಂದಮೇಲೆ ಅವನು ಮೊದಲೇ ಬಲ್ಲ ನಾಡಿಗೆ ಬಂದನೆಂಬುದು ನಿಜ. ಆದರೆ ೯೭೩ರಲ್ಲಿ ರಾಷ್ಟ್ರಕೂಟರ ಪ್ರಭುತ್ವವನ್ನು ಮುರಿದು ಚಾಲುಕ್ಯ ತೈಲಪನು ತಲೆಯೆತ್ತಿದ್ದನು. ರಾಷ್ಟ್ರಕೂಟರ ಪಕ್ಷವನ್ನು ಹಿಡಿದು ಹೋರಾಡಿದ ಮಾರಸಿಂಹನಿಗೆ ನೆಮ್ಮದಿಯೊಂದೇ ಗುರಿಯಾಗಿದ್ದರೆ ಗಂಗವಾಡಿಯ ಒಳನಾಡೇ ಸುರಕ್ಷಿತವಾದ ನೆಲೆಯಾಗುತ್ತಿತ್ತು. ಕೈಜಾರುತ್ತಿದ್ದ ನಾಡಿಗೆ ಅವನನ್ನು ಸೆಳೆದ ವಸ್ತು ಅಜಿತಸೇನರ ಸನ್ನಿಧಿಯಲ್ಲದೆ ಬೇರೊಂದು ತೋರುವುದಿಲ್ಲ. ಚಾವುಂಡರಾಯನಿಗೂ ಇವರೇ ಗುರುಗಳು. ಕವಿಚಕ್ರವರ್ತಿ ರನ್ನನ ವಿದ್ಯಾಭ್ಯಾಸವೂ ಇವರಲ್ಲಿಯೇ ಆಯಿತೆಂದು ನಮ್ಮ ಸಾಹಿತ್ಯಚರಿತ್ರಕಾರರು ಎಣಿಸುತ್ತಾರೆ. ಗುಣಭದ್ರರ ಉತ್ತರಪುರಾಣಕ್ಕೆ ಶಕ ೮೨೦ರಲ್ಲಿ (ಕ್ರಿ. ಶ. ೮೯೮) ಪೂಜೆ ಸಂದುದೂ ಈ ಬಂಕಾಪುರದಲ್ಲಿಯೇ. ಹೀಗೆ ಮೂರು ತಲೆಮಾರುಗಳಿಗೂ ಮಿಕ್ಕಿ ವಿದ್ಯೆಯ ಬೀಡಾಗಿದ್ದ ಊರಿನಲ್ಲಿ ಒಬ್ಬ ಹಿರಿಯ ಗುರುವು ಇದ್ದುದರಿಂದ ಅರಸನು ಅಲ್ಲಿಗೆ ಬಂದನು.

ಇದರ ಎದುರುಮೊಗವನ್ನು ಎಂಟು ವರ್ಷಗಳ ತರುವಾಯ ಕಾಣುತ್ತೇವೆ. ತೈಲಪನಿಂದ ಕೆಳಗಾದ ರಾಷ್ಟ್ರಕೂಟ ವಂಶವನ್ನು ಮತ್ತೆ ನಿಲ್ಲಿಸುವುದಕ್ಕಾಗಿ ಮಾರಸಿಂಹನು ಪಟ್ಟಗಟ್ಟಿದ ನಾಲ್ಮಡಿ ಇಂದ್ರನು ಶಕ ೯೦೪ ಚಿತ್ರಭಾನು ಸಂವತ್ಸರದಲ್ಲಿ (ಕ್ರಿ. ಶ. ೯೮೨) ಶ್ರವಣಬೆಳ್ಗೊಳದಲ್ಲಿ ದೇಹವನ್ನು ಬಿಟ್ಟನು. ದಕ್ಷಿಣದ ಗಂಗನು ಬಂಕಾಪುರಕ್ಕೆ ಬಂದರೆ ಉತ್ತರದ ರಾಷ್ಟ್ರಕೂಟನು ಬೆಳ್ಗೊಳಕ್ಕೆ ಹೋದನು. ಚಿಕ್ಕಬೆಟ್ಟದ ಶಾಸನವು ಇಂದ್ರನ ಚೆಂಡಾಟದ ಜಾಣ್ಮೆಯನ್ನು ಬಹಳವಾಗಿ ಹೊಗಳುವುದರ ಜೊತೆಗೆ ಅವನು ಗಂಗಗಾಂಗೇಯನ, ಅಂದರೆ ಬೂತುಗನ, ಮಗಳ ಮಗನೆಂಬುದನ್ನೂ ಹೇಳುತ್ತದೆ. ಹಾಗಾದರೆ ಅವನು ಸೇರಿದ್ದು ತಾಯಿಯ ತೌರಿನ ನಾಡನ್ನು. ರಾಜ್ಯವಾಗಲಿ ಸೈನ್ಯವಾಗಲಿ ಇಲ್ಲದ ದಿನಗಳಲ್ಲಿ ತನ್ನವರೆಂದು ಹೇಳಿಕೊಳ್ಳಬಹುದಾದ ಜನರು ಇದ್ದ ಕಡೆಗೆ ಅವನು ಹೋದನೆಂದು ಇದನ್ನು ಅರ್ಥಮಾಡುವುದರಲ್ಲಿ ತಪ್ಪಿಲ್ಲ.

೪

ಅರಸರನ್ನು ಬಿಟ್ಟು ಒಬ್ಬ ಸ್ತ್ರೀಯ ಉದಾಹರಣೆಯನ್ನು ನೋಡೋಣ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು ಶಕ ೧೦೫೩ರಲ್ಲಿ (ಕ್ರಿ. ಶ. ೧೧೩೧) ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳನ್ನು ಕಳೆದುಕೊಂಡ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಪ್ರಭಾಚಂದ್ರ ಸಿದ್ಧಾಂತದೇವರು ಮೊದಲಾದ ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳ ಉಪವಾಸವ್ರತವನ್ನು ಹಿಡಿದು ಪ್ರಾಣಬಿಟ್ಟಳೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಆಕೆಯ ಗಂಡ ಮಾರಸಿಂಗಯ್ಯನು ಶೈವನು, ಮಾಚಿಕಬ್ಬೆ ಜೈನಧರ್ಮದವಳು. ಸ್ಮೃತಿಯ ವಾಕ್ಯದಂತೆ ಮಕ್ಕಳ ವಶದಲ್ಲಿ ಉಳಿಯುವುದೂ ಅಲ್ಲದ, ಗಂಡನ ಹಿಂದೆ ಹೋಗುವುದೂ ಅಲ್ಲದ ಮೂರನೆಯ ದಾರಿಯನ್ನು ಈಕೆ ಹಿಡಿದಳು. ತನ್ನ ಗುರುಗಳಿದ್ದ, ಎಂಟು ವರ್ಷಗಳ ಹಿಂದೆ ಮಗಳು ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ್ದ ಊರನ್ನು ತಾನೇ ಆರಿಸಿಕೊಂಡಳು. ಸಂಘದ ಆಶ್ರಯವಿದ್ದುದರಿಂದ ಒಬ್ಬ ಹೆಂಗಸಿಗೆ ತನ್ನ ಕಡೆಯ ನೆಲೆಯನ್ನು ತಾನೇ ಗೊತ್ತುಮಾಡುವುದು ಸಾಧ್ಯವಾಯಿತು. ಚಿಕ್ಕಬೆಟ್ಟದ ಹಳೆಯ ಬರಹಗಳಲ್ಲಿ ನವಿಲೂರ ಸಂಘದ ಕಂತಿಯರ ಹೆಸರುಗಳು ಬರುವುದನ್ನೂ ಇದರೊಡನೆ ಸೇರಿಸಿ ನೋಡಬೇಕು.

ಇದಕ್ಕೆ ಹೊರತಾದ ನಿದರ್ಶನಗಳೂ ಉಂಟು. ಅವನ್ನು ಮರೆಮಾಚುವುದು ಉಚಿತವಲ್ಲ. ಚಾಲುಕ್ಯ ಆಹವಮಲ್ಲ ಸೋಮೇಶ್ವರನು ತೀರದ ಜ್ವರದಿಂದ ನರಳಿ ೧೦೬೮ರ ಮಾರ್ಚಿ ತಿಂಗಳಿನಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಮುಳುಗಿ ದೇಹವನ್ನು ಬಿಟ್ಟ ಸಂಗತಿಯು ಶಾಸನಗಳಿಂದಲೂ ಬಿಲ್ಹಣನ ಕಾವ್ಯದಿಂದಲೂ ತಿಳಿದಿದೆ. ಅಲ್ಲಿ ಸೆಳೆದದ್ದು ನದಿಯ ಪಾವಿತ್ರ್ಯ. ಕಲ್ಯಾಣದ ಕ್ಷೋಭೆಯ ತರುವಾಯ ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರೆಂಬ ಸಂಪ್ರದಾಯದಲ್ಲಿ ಕಾಣುವುದು ಆಪತ್ತಿನ ಒತ್ತಾಯ. ಆದರೆ ಮೊದಲನೆಯದು ಕೆಲವೇ ದಿನಗಳ ಮಾತು. ಎರಡನೆಯದರಲ್ಲಿ ಶರಣರ ಗುಂಪೇ ಜೊತೆಗೂಡಿ ಹೋಯಿತು. ಪುಣ್ಯಸ್ಥಳವು ಸಾಯುವುದಕ್ಕೆ ಸಾಕಾಗಬಹುದು. ವರ್ಷಗಟ್ಟಲೆ ಬಾಳುವುದಕ್ಕೆ ಸಂಗವು ಬೇಕು ಎಂಬುದನ್ನು ಈ ಹೊರತುಗಳೂ ಒಂದು ಬಗೆಯಲ್ಲಿ ಸಮರ್ಥಿಸುತ್ತವೆ.

೫

ಈಗ ಗುಡಿಗೆರೆಯ ಕಲ್ಲಿಗೆ ಬರೋಣ. ಬಂಕಾಪುರದಲ್ಲಿಯೂ ಬೆಳ್ಗೊಳದಲ್ಲಿಯೂ ಗುರುಗಳು ಇದ್ದರೆಂದೆವು. ಅವರು ಅಲ್ಲಿ ಇರುವಂತೆ ಮಾಡಿದುದು ಏನು? ಅರಸರ ಶಾಸನಗಳು ಹೇಳದೆ ಬಿಟ್ಟ ಈ ಮಾತನ್ನು ಹೇಳುವುದೇ ಗುಡಿಗೆರೆಯ ಶಾಸನದ ಹೆಚ್ಚಳ.

ಅದರಲ್ಲಿ ಅರಸನ ಬಿರುದುಗಳ ಸಾಲಿಗಿಂತ ಹೊಲಗಳ ಎಲ್ಲೆಕಟ್ಟಿನ ಮಾತೇ ಮುಖ್ಯ. ಪುರಿಗೆರೆಯ ಆನೆಸೆಜ್ಜೆಯ ಬಸದಿಗೆ ಸೇರಿದ ಗುಡಿಗೆರೆಯ ಭೂಮಿಯು ಹಳೆಯ ತಾಮ್ರಶಾಸನದ ಆಧಾರದಿಂದ ಶ್ರೀನಂದಿಪಂಡಿತರ ಅಧೀನದಲ್ಲಿತ್ತು. ಅವರ ಶಿಷ್ಯನಾದ ಸೇನಬೋವ ಸಿಂಗಯ್ಯನ ಮೂಲಕ ಅದರಲ್ಲಿ ಒಂದು ಭಾಗವು ಗುಡಿಗೆರೆಯಲ್ಲಿ ಋಷಿಯರ ಆಹಾರದಾನಕ್ಕೆಂದು ಏರ್ಪಟ್ಟಿತು. ಅಷ್ಟೋಪವಾಸಿ ಕಂತಿಯರೆಂಬ ಆರ್ಯಿಕೆಯ ಹೆಸರೂ ಶಾಸನದಲ್ಲಿ ಬರುತ್ತದೆ. ಊರಿನ ಹನ್ನಿರ್ವರ್ ಗಾವುಂಡರೂ ಕಾಣಿಸಿಕೊಳ್ಳುತ್ತಾರೆ. ಊರಿನ ಹೆಸರನ್ನು ಒಂದೆಡೆ ‘ಧ್ವಜತಟಾಕ’ವೆಂದು ಸಂಸ್ಕೃತಕ್ಕೆ ತಿರುಗಿಸಿದೆ. ಹಳಗನ್ನಡದಲ್ಲಿ ‘ಗುಡಿ’ ಎಂದರೆ ಬಾವುಟ, ‘ಕೆಱೆ’ ಎಂದರೆ ತಟಾಕ. ಈಗಿನ ‘ಗುಡಗೇರಿ’ಯನ್ನು ಕೇಳಿದವರು ‘ಕೇರಿ’ ಎಂದು ಬಿಡಿಸುವ ಸಂಭವವುಂಟು. ಶಾಸನಕಾರನ ಅನುವಾದವು ಆ ಸಂದೇಹಕ್ಕೆ ಎಡೆಗೊಡುವುದಿಲ್ಲ. ಕೆರೆಯ ಹೆಸರಿನಿಂದಲೇ ಕರೆಯಿಸಿಕೊಂಡ ಊರಿನಲ್ಲಿ ಅನ್ನದ ದತ್ತಿಯು ನಿಂತುದು ಸಹಜವಾಗಿಯೇ ಇದೆ.

ಈ ಶಾಸನದಿಂದ ಮೂರು ಸಂಗತಿಗಳು ಹೊರಪಡುತ್ತವೆ. ಒಂದನೆಯದು ಕಾಲದ ಅಂತರ. ವಿಜಯಾದಿತ್ಯನು ಆಳಿದುದು ೬೯೬ರಿಂದ ೭೩೩ರ ವರೆಗೆ. ಗುಡಿಗೆರೆಯ ಕಲ್ಲು ನಿಂತುದು ಅದಕ್ಕೆ ಮುನ್ನೂರ ನಲ್ವತ್ತು ವರ್ಷಗಳ ಈಚೆಗೆ. ನಡುವೆ ಬಾದಾಮಿಯ ಚಾಲುಕ್ಯರು ಅಳಿದರು, ರಾಷ್ಟ್ರಕೂಟರು ಬಂದು ಹೋದರು, ಕಲ್ಯಾಣದ ಚಾಲುಕ್ಯರು ಆಳತೊಡಗಿ ನೂರು ವರ್ಷಗಳಾದುವು. ಇಷ್ಟಾದರೂ ಒಬ್ಬ ರಾಜಪುತ್ರಿಯ ಬಸದಿಯ ಹಕ್ಕನ್ನು ತಾಮ್ರದ ಬರಹವು ಉಳಿಸಿತು. ಅನ್ನದ ಕಟ್ಟಳೆಯು ಕೊಟ್ಟವರ ಆಯುಷ್ಯಕ್ಕಿಂತ ಹೆಚ್ಚು ಕಾಲ ಬಾಳಬೇಕಾದರೆ ಬರಹವೂ ಆ ಬರಹವನ್ನು ಓದಿ ಕಾಯುವವರೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಸಿಕ್ಕುವುದು ಕಷ್ಟ.

ಎರಡನೆಯದು ಸಿಂಗಯ್ಯನ ಸ್ಥಾನ. ಸೇನಬೋವನೆಂದರೆ ಲೆಕ್ಕಪತ್ರಗಳ ಕೆಲಸಗಾರ, ಊರಿನ ಆದಾಯವ್ಯಯಗಳನ್ನು ಬಲ್ಲವನು. ಸಂನ್ಯಾಸಿಗಳ ಅನ್ನವು ಅರಸನ ಬೊಕ್ಕಸದಿಂದ ನೇರವಾಗಿ ಬರುವುದಕ್ಕಿಂತ ಊರಿನ ಲೆಕ್ಕವನ್ನು ಬಲ್ಲ ಒಬ್ಬ ಗೃಹಸ್ಥನ ಮೂಲಕ ಬಂದರೆ ನಡುವೆ ಕಡಿದುಬೀಳುವ ಭಯ ಕಡಮೆ. ಮೂರನೆಯದು ಹನ್ನಿರ್ವರ್ ಗಾವುಂಡರ ಸಾನ್ನಿಧ್ಯ. ಧರ್ಮವು ಬಸದಿಯದಾದರೂ ಅದರ ಸುತ್ತಣ ಹೊಣೆಯಲ್ಲಿ ಊರಿಗೂ ಪಾಲು ಇತ್ತು. ಊರಿನವರು ಒಪ್ಪದೆ ಹೊರಗಿನಿಂದ ಬಂದ ಮುದಿಮುನಿಗಳಿಗೆ ಹೊಲದ ಬೆಳೆಯು ತಲುಪಲಾರದು.

ಈ ಋಷಿಯರೆಲ್ಲರೂ ವಯಸ್ಸಾದವರೇ ಎಂದು ನಾವು ಸಾಧಿಸಹೊರಡುವುದಿಲ್ಲ. ಎಳೆಯ ವಯಸ್ಸಿನಲ್ಲಿಯೇ ದೀಕ್ಷೆಯನ್ನು ಪಡೆದವರೂ ಸಂಘಗಳಲ್ಲಿ ಇದ್ದರು. ಆದರೆ ಸಂಸಾರವನ್ನು ಮುಗಿಸಿ ಬಂದವನಿಗೆ ಬಾಗಿಲು ತೆರೆದಿದ್ದ ಆಶ್ರಯಗಳು ಇಂತಹವೇ ಆಗಿದ್ದುವು. ಮಾರಸಿಂಹನು ಬಂಕಾಪುರದಲ್ಲಿ ಕಂಡುದು ಇಂತಹ ಒಂದು ನೆಲೆಯ ದೊಡ್ಡ ರೂಪವನ್ನೇ. ಗುಡಿಗೆರೆಯು ಅದೇ ಸೀಮೆಯಲ್ಲಿ ಅದರ ಸಣ್ಣ ರೂಪ. ಕೀರ್ತಿಯು ಬಂಕಾಪುರಕ್ಕೆ ಸಂದಿತು. ಅಂತಹ ನೆಲೆಗಳು ಹೇಗೆ ನಡೆಯುತ್ತಿದ್ದುವೆಂಬುದನ್ನು ಹೇಳಿದ್ದು ಗುಡಿಗೆರೆ.

೬

ಆಶ್ರಯವು ಜೈನರಿಗೆ ಮಾತ್ರ ಮೀಸಲಾದುದಲ್ಲವೆಂಬುದನ್ನು ತೋರಿಸಲು ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವೊಂದೇ ಸಾಕು. ಕಾಳಾಮುಖ ಆಚಾರ್ಯರ ಆ ಮಠವು ಕೇದಾರೇಶ್ವರ ದೇವಾಲಯಕ್ಕೆ ಸೇರಿದುದು. ವೇದವೇದಾಂಗಗಳ, ವ್ಯಾಕರಣಗಳ, ದರ್ಶನಗಳ ಅಧ್ಯಯನವು ಅಲ್ಲಿ ನಡೆಯುತ್ತಿತ್ತೆಂದು ಹೇಳುವ ಶಾಸನವು ಅದೇ ಉಸಿರಿನಲ್ಲಿ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನವು ದೊರೆಯುವ ಸ್ಥಾನವೆಂದೂ, ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ಅದನ್ನು ವರ್ಣಿಸುತ್ತದೆ. ಪಾಠಶಾಲೆ, ಅನ್ನಸತ್ರ, ವೈದ್ಯಶಾಲೆ ಈ ಮೂರನ್ನೂ ಒಂದೇ ಗೋಡೆಯೊಳಗೆ ಇರಿಸಿದ್ದುದು ಗಮನಾರ್ಹ. ಮುಪ್ಪಿಗೆ ಬೇಕಾದುದು ಈ ಮೂರೇ ಅಲ್ಲವೆ? ಅನ್ನವಿಲ್ಲದೆ ದೇಹ ನಿಲ್ಲದು. ಮದ್ದಿಲ್ಲದೆ ಬೇನೆ ಹಿಂಗದು. ಎಳೆಯರು ಬಂದು ಕೇಳುವ ವಿದ್ಯೆಯಿಲ್ಲದಿದ್ದರೆ ದಿನ ಹೋಗದು. ಮುದುಕರನ್ನು ಮುದುಕರೊಡನೆ ಮಾತ್ರ ಇಡುವ ಮನೆಯನ್ನು ನಮ್ಮ ಹಿಂದಿನವರು ಕಲ್ಪಿಸಿದಂತೆ ಕಾಣುವುದಿಲ್ಲ. ಹಿರಿಯರು ಇದ್ದ ನೆಲೆಯೇ ಕಿರಿಯರ ಪಾಠಶಾಲೆಯಾಗಿತ್ತು.

೭

ಆಂಗ್ಲ ಆಡಳಿತದಲ್ಲಿ ಬೇರೂರಿದ ಪಿಂಚಣಿಯ ಪದ್ಧತಿಯು ಈ ಏರ್ಪಾಡಿನ ಬುಡವನ್ನೇ ಬದಲಾಯಿಸಿತು. ಅನ್ನವು ಇಂತಹ ಊರಿನ ಇಂತಹ ಹೊಲಕ್ಕೆ ಕಟ್ಟುಬಿದ್ದಿದ್ದ ಕಾಲದಲ್ಲಿ ಮನುಷ್ಯನು ಅನ್ನವಿದ್ದ ಕಡೆಗೆ ಹೋಗಬೇಕಾಗಿತ್ತು. ಪಿಂಚಣಿಯಾದರೋ ಮನುಷ್ಯನು ಹೋದ ಕಡೆಗೆ ತಾನೇ ಹಿಂಬಾಲಿಸಿ ಬರುತ್ತದೆ. ಇದರಿಂದ ಆಯ್ಕೆಯು ಹಿಂದೆಂದೂ ಇಲ್ಲದಷ್ಟು ಸ್ವತಂತ್ರವಾಯಿತು. ಹವೆ, ನೀರು, ಬೆಲೆಗಳನ್ನು ನೋಡಿ ಊರನ್ನು ಆರಿಸುವುದು ಸಾಧ್ಯವಾಯಿತು. ಬೆಂಗಳೂರಿಗೆ ‘ಪಿಂಚಣಿದಾರರ ಸ್ವರ್ಗ’ವೆಂಬ ಹೆಸರು ಅಂಟಿದುದು ಹೀಗೆಯೇ. ೧೮೯೮ರ ಪ್ಲೇಗಿನ ಸುತ್ತಿನ ವರ್ಷಗಳಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ಕ್ರಮೇಣ ನಿವೃತ್ತ ನೌಕರರ ಬಡಾವಣೆಗಳೆಂದು ಹೆಸರಾದುವು. ಅದಕ್ಕೆ ಮೊದಲೇ, ೧೮೮೨ರಲ್ಲಿ, ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ೩,೯೦೦ ಎಕರೆ ಭೂಮಿಯನ್ನು ಕೊಟ್ಟುದರಿಂದ ವೈಟ್‌ಫೀಲ್ಡ್ ಊರು ಹುಟ್ಟಿತ್ತು. ಉತ್ತರದಲ್ಲಿ ಧಾರವಾಡಕ್ಕೂ ಇಂತಹುದೇ ಕೀರ್ತಿಯು ಬಂದಿತು. ಅಲ್ಲಿಯ ತಂಪುಹವೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ೧೮೯೦ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ, ೧೯೧೭ರ ಕರ್ನಾಟಕ ಕಾಲೇಜು ಇವುಗಳಿಂದ ಕೂಡಿಬಂದ ವಿದ್ವಜ್ಜನರ ಸಹವಾಸವನ್ನು ಕಳೆದರೆ, ಬರಿಯ ಹವೆಯು ಅಷ್ಟು ಜನರನ್ನು ಹಿಡಿದು ನಿಲ್ಲಿಸುತ್ತಿತ್ತೆಂದು ಹೇಳುವುದು ಕಠಿನ.

ನಮ್ಮ ಸಾಹಿತಿಗಳ ಜೀವನದಿಂದಲೇ ಎರಡು ಉದಾಹರಣೆಗಳನ್ನು ಕೊಡಬಹುದು. ಮೈಸೂರು ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಬಿ. ಎಂ. ಶ್ರೀಕಂಠಯ್ಯನವರು ೧೯೪೪ರಲ್ಲಿ ಧಾರವಾಡದ ಹೊಸ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದು, ೧೯೪೬ರ ಜನವರಿ ೫ರಂದು ಅಲ್ಲಿಯೇ ತೀರಿಕೊಂಡರು. ಮೈಸೂರು ಬೆಂಗಳೂರುಗಳ ಅನುಕೂಲಗಳನ್ನು ಬಿಟ್ಟು ಅವರು ಬಂದುದು ವಿದ್ಯಾರ್ಥಿಗಳಿದ್ದ ಕಡೆಗೆ. ದ. ರಾ. ಬೇಂದ್ರೆಯವರು ಸೊಲ್ಲಾಪುರದ ಕಾಲೇಜಿನ ಕೆಲಸವನ್ನು ೧೯೫೬ರಲ್ಲಿ ಮುಗಿಸಿ ಹುಟ್ಟೂರಾದ ಧಾರವಾಡಕ್ಕೆ ಮರಳಿ ಸಾಧನಕೇರಿಯಲ್ಲಿ ನೆಲೆಸಿದರು; ೧೯೮೧ರ ವರೆಗೂ ಅವರ ಮನೆಯು ಕಾವ್ಯಾಸಕ್ತರಿಗೆ ಯಾತ್ರಾಸ್ಥಳದಂತಿತ್ತು. ಒಬ್ಬರು ಪರಸ್ಥಳಕ್ಕೆ ಬಂದರು, ಇನ್ನೊಬ್ಬರು ಸ್ವಸ್ಥಳಕ್ಕೆ ಮರಳಿದರು. ಇಬ್ಬರ ಸುತ್ತಲೂ ಸೇರಿದುದು ಕಿರಿಯರ ಸಂಗವೇ.

ಗುಡಗೇರಿಗೆ ಇನ್ನೂ ಸಮೀಪದ ನಿದರ್ಶನವು ಕುಂದಗೋಳದ್ದು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು (೧೮೮೬-೧೯೫೨) ನಾಟಕರಂಗದ ಓಡಾಟವನ್ನು ಮುಗಿಸಿ ಕುಂದಗೋಳದಲ್ಲಿ ನೆಲೆಸಿದರು. ಅವರಿಗೆ ಸರಕಾರದ ಪಿಂಚಣಿಯಾಗಲಿ ಅರಸರ ದತ್ತಿಯಾಗಲಿ ಇರಲಿಲ್ಲ. ನಾಡಿಗೇರರ ವಾಡೆಯ ಆದರವಿತ್ತು, ಊರಿನ ಅಭಿಮಾನವಿತ್ತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಬಂದು ಕಲಿತರು. ಭೀಮಸೇನ ಜೋಶಿಯವರು ಅಲ್ಲಿಯೇ ಇದ್ದು ಗುರುಸೇವೆ ಮಾಡಿದರು. ಕಾಲೇಜಾಗಲಿ ಸಂಗೀತಶಾಲೆಯಾಗಲಿ ಇಲ್ಲದ ಒಂದು ಹಳ್ಳಿಯು ಒಬ್ಬ ಹಿರಿಯನು ಬಂದು ನಿಂತುದರಿಂದಲೇ ಕಿರಾನಾ ಘರಾಣೆಗೆ ತೌರಾಯಿತು. ಆದರೆ ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಅವರ ಕೊನೆಯ ದಿನಗಳು ಪುಣೆಯಲ್ಲಿ ಕಳೆದುವು. ಅನ್ನವೂ ವಿದ್ಯೆಯೂ ಇದ್ದು ಮದ್ದಿನ ಅನುಕೂಲವು ಇಲ್ಲದ ನೆಲೆಯು ಕಡೆಯ ವರೆಗೆ ಕೈಹಿಡಿಯಲಾರದು ಎಂಬ ಪಾಠವನ್ನೂ ಇಲ್ಲಿ ಕಾಣಬಹುದು. ಕೋಡಿಯಮಠದ ಶಾಸನಕಾರನು ಮೂರನ್ನೂ ಒಟ್ಟಿಗೆ ಹೇಳಿದುದು ಸುಮ್ಮನೆ ಅಲ್ಲ.

೮

ಈ ವಿಚಾರವು ಕೇವಲ ಪುರಾತನ ಸಂಗತಿಗಳ ಸಂಗ್ರಹವಲ್ಲ. ೨೦೦೬ರ ಏಪ್ರಿಲ್ ೧ರಿಂದ ಈಚೆಗೆ ಕರ್ನಾಟಕ ಸರಕಾರದ ಸೇವೆಗೆ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಗೆ ಬದಲಾಗಿ ವಂತಿಗೆಯ ಪದ್ಧತಿಯನ್ನು ತರಲಾಯಿತು. ಹೊಲದಲ್ಲಿ ದುಡಿಯುವವರಿಗೂ ನೆಯ್ಗೆಯವರಿಗೂ ಮನೆಯೊಳಗಿನ ಹೆಂಗಸರಿಗೂ ಆ ನಿಶ್ಚಿತವಾದ ಅನ್ನವು ಮೊದಲೂ ಇರಲಿಲ್ಲ. ಮಕ್ಕಳು ದೂರದ ಪಟ್ಟಣಗಳಲ್ಲಿಯೂ ಪರದೇಶಗಳಲ್ಲಿಯೂ ನೆಲೆಸಿರುವ ಈ ದಿನಗಳಲ್ಲಿ, ಹುಟ್ಟೂರಿಗೆ ಮರಳಬೇಕೆ, ಮಕ್ಕಳಿದ್ದ ಕಡೆಗೆ ಹೋಗಬೇಕೆ, ಗುರುತಿಲ್ಲದ ಪಟ್ಟಣದಲ್ಲಿ ಮನೆಯನ್ನು ಕೊಳ್ಳಬೇಕೆ ಎಂಬ ಪ್ರಶ್ನೆಯು ಮನೆಮನೆಯಲ್ಲಿಯೂ ಏಳುತ್ತಿದೆ. ಉತ್ತರವನ್ನು ಹುಡುಕುವವರು ಹೆಚ್ಚಾಗಿ ಮೊದಲು ನಿವೇಶನವನ್ನು ನೋಡುತ್ತಾರೆ. ಸಂಗದ ಮಾತನ್ನು ಆಮೇಲೆ ಆಲೋಚಿಸುತ್ತಾರೆ. ನಮ್ಮ ಶಾಸನಗಳಲ್ಲಿ ಈ ಅನುಕ್ರಮವು ತಿರುವುಮುರುವಾಗಿದೆ. ಮಾರಸಿಂಹನು ಗುರುವನ್ನು ಆರಿಸಿದನು. ಊರು ತಾನಾಗಿ ಗೊತ್ತಾಯಿತು. ಇಂದ್ರನು ಬಂಧುಗಳನ್ನು ಅರಸಿದನು, ಮಾಚಿಕಬ್ಬೆ ತನ್ನ ಸಂಘವನ್ನು ಸೇರಿದಳು.

ಆದರೆ ಗುರುವಿನ ಮಹಿಮೆಯನ್ನು ಕೊಂಡಾಡಿ ಸುಮ್ಮನಾಗುವುದಕ್ಕೆ ಗುಡಿಗೆರೆಯ ಕಲ್ಲು ಬಿಡುವುದಿಲ್ಲ. ಸಂಗವು ನಿಲ್ಲಬೇಕಾದರೆ ಯಾರೋ ಒಬ್ಬರು ಹೊಲವನ್ನು ಬಿಡಬೇಕು, ಯಾರೋ ಒಬ್ಬರು ಲೆಕ್ಕವನ್ನು ಇಡಬೇಕು, ಊರಿನ ಹನ್ನೆರಡು ಮಂದಿ ಅದನ್ನು ಕಾಯಬೇಕು. ಕುಂಕುಮಮಹಾದೇವಿ, ಸೇನಬೋವ ಸಿಂಗಯ್ಯ, ಹನ್ನಿರ್ವರ್ ಗಾವುಂಡರು ಮೂವರೂ ತಮಗಾಗಿ ನೆಲೆಯನ್ನು ಹುಡುಕಿದವರಲ್ಲ. ತಾವು ಕಾಣದ ಕಾಲದ ಮುದುಕರಿಗೆ ನೆಲೆಯನ್ನು ಮಾಡಿಕೊಟ್ಟವರು. ಮುಪ್ಪಿನಲ್ಲಿ ಎಲ್ಲಿ ಇರಬೇಕೆಂದು ಒಬ್ಬೊಬ್ಬನೂ ತನ್ನಷ್ಟಕ್ಕೆ ಆರಿಸಿಕೊಳ್ಳಬಹುದು. ಆರಿಸತಕ್ಕ ನೆಲೆಗಳು ಇರುವಂತೆ ನೋಡಿಕೊಳ್ಳುವುದು ಮಾತ್ರ ಊರಿನ ಕೆಲಸ. ಪುರಿಗೆರೆ ಮುನ್ನೂರರ ಹಳ್ಳಿಗಳಲ್ಲಿ ಆಹಾರದಾನದ ಮಾತುಳ್ಳ ಇನ್ನಷ್ಟು ಶಾಸನಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದಲ್ಲಿ, ನಮ್ಮ ಪೂರ್ವಿಕರು ಮುಪ್ಪನ್ನು ಹೇಗೆ ಬಾಳಿದರೆಂಬ ಚರಿತ್ರೆಯು ಇನ್ನೂ ಸ್ಪಷ್ಟವಾಗುವುದರಲ್ಲಿ ಸಂದೇಹವಿಲ್ಲ.